ಕೆಂಡನೆತ್ತಿಯ ಎರಡು ಹಕ್ಕಿಗಳು

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲಲ್ಲೇ ಒಬ್ಬರು ಹೇಳಿದರು, "ನಮ್ಮನೆ ದಾಸವಾಳಕ್ಕೆ ದಿನಾ ಬೆಳಿಗ್ಗೆ ಹಮ್ಮಿಂಗ್‌ಬರ್ಡ್ ಬರುತ್ತೆ ಮೇಡಂ" ಅಂತ. ಈ ಮಾತನ್ನು ನಾನು ಎಷ್ಟೋ ಊರುಗಳಲ್ಲಿ ಕೇಳಿದ್ದೇನೆ. ಅವರ ಮನೆಗೆ ಬರುವುದು ಸೂರಕ್ಕಿ. ಇನ್ನು ಕೆಲವರು ಸಂಜೆ ಹೊತ್ತಿನಲ್ಲಿ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಹೀರುವ ಕಂದು ಜೀವಿಯನ್ನು ತೋರಿಸುತ್ತಾರೆ. ಅದು ಹಕ್ಕಿಯೇ ಅಲ್ಲ, ಪತಂಗ. ನಿಜವಾದ ಹಮ್ಮಿಂಗ್‌ಬರ್ಡ್ ನಮ್ಮ ದೇಶದಲ್ಲಿ ಒಂದೂ ಇಲ್ಲ. ಏಷ್ಯಾ, ಆಫ್ರಿಕಾ, ಯುರೋಪ್, ಎಲ್ಲೂ ಇಲ್ಲ. ಇವತ್ತು ಬದುಕಿರುವ 350ಕ್ಕೂ ಹೆಚ್ಚು ಪ್ರಭೇದಗಳು ಅಮೆರಿಕ ಖಂಡಗಳಲ್ಲಿ, ಅವುಗಳ ಅಕ್ಕಪಕ್ಕದ ದ್ವೀಪಗಳಲ್ಲಿ ಮಾತ್ರ ಇವೆ. ಹಿಂದೆ ಹಾಗಿರಲಿಲ್ಲ. ಸುಮಾರು 3 ಕೋಟಿ ವರ್ಷ ಹಳೆಯ ಹಮ್ಮಿಂಗ್‌ಬರ್ಡ್ ಪಳೆಯುಳಿಕೆ ಜರ್ಮನಿಯಲ್ಲಿ ಸಿಕ್ಕಿದೆ. 2004ರಲ್ಲಿ ಆ ಸುದ್ದಿ ಬಂದಾಗ ಹಕ್ಕಿ ಪ್ರಿಯರೆಲ್ಲ ಬೆರಗಾಗಿದ್ದರು.

ಸೂರಕ್ಕಿಗೂ ಇದಕ್ಕೂ ನೆಂಟಸ್ತನವೇ ಇಲ್ಲ. ಇಬ್ಬರಿಗೂ ಬೇಕಾಗಿದ್ದು ಹೂವಿನ ಮಕರಂದ. ಅದಕ್ಕೆ ಇಬ್ಬರಿಗೂ ಉದ್ದ ಕೊಕ್ಕು, ಮಿರುಗುವ ಗರಿ ಬಂದಿವೆ. ಹಮ್ಮಿಂಗ್‌ಬರ್ಡಿಗೆ ಹತ್ತಿರದ ನೆಂಟರು ಬಾನಾಡಿಗಳು. ನಮ್ಮ ಹಳೇ ದೇವಸ್ಥಾನಗಳ ಸೂರಿನಡಿ ಗೂಡು ಕಟ್ಟಿ, ಸಂಜೆ ಗುಂಪಾಗಿ ಕಿರುಚುತ್ತಾ ಸುತ್ತುತ್ತವಲ್ಲ, ಅವೇ. ಸೂರಕ್ಕಿ ಸಾಮಾನ್ಯವಾಗಿ ಕೊಂಬೆಯ ಮೇಲೆ ಕೂತು ಕುಡಿಯುತ್ತದೆ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲಿ ನಿಂತೇ ಕುಡಿಯುತ್ತದೆ. ರೆಕ್ಕೆ ಕೆಳಗೆ ಬಡಿದಾಗಲೂ ಮೇಲೆ ಎತ್ತಿದಾಗಲೂ ಅದಕ್ಕೆ ಆಸರೆ ಸಿಗುತ್ತದೆ. ಮೈಭಾರದ ಮುಕ್ಕಾಲು ಪಾಲನ್ನು ಕೆಳಬಡಿತ ಹೊರುತ್ತದೆ, ಕಾಲು ಪಾಲನ್ನು ಮೇಲಿನ ಬಡಿತ. ಇಷ್ಟು ಗೊತ್ತಿದ್ದರೆ ಸಾಕು, ಮುಂದಕ್ಕೆ ಹೋಗೋಣ.

ಇವತ್ತು ನಾನು ಎಲ್ಲಾ ಹಮ್ಮಿಂಗ್‌ಬರ್ಡುಗಳ ಬಗ್ಗೆ ಮಾತಾಡುವುದಿಲ್ಲ. ಒಂದೇ ಕುಲ. ಅದರ ಹೆಸರು ಸೆಫನಾಯ್ಡಿಸ್. ಈ ಮನೆತನದಲ್ಲಿ ಇರುವುದು ಬರೀ ಎರಡು ಪ್ರಭೇದ. ಇಂಗ್ಲಿಷಿನಲ್ಲಿ ಇವನ್ನು ಫೈರ್‌ಕ್ರೌನ್ ಅನ್ನುತ್ತಾರೆ. ನೆತ್ತಿಯ ಗರಿಗಳ ಮೇಲೆ ಬೆಳಕು ಬಿದ್ದಾಗ ಒಲೆಯೊಳಗಿನ ಕೆಂಡ ಊದಿದ ಹಾಗೆ ಹೊಳೆಯುತ್ತದೆ. ಹಕ್ಕಿ ತಲೆ ತಿರುಗಿಸಿತೋ, ಹೊಳಪು ಆರಿ ಕಪ್ಪಾಗುತ್ತದೆ. ಆ ಬಣ್ಣ ಗರಿಗೆ ಬಳಿದ ಬಣ್ಣವಲ್ಲ. ಗರಿಯೊಳಗಿನ ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳಲ್ಲಿ ಬೆಳಕು ತಾಗಿ ವಾಪಸ್ ಬರುವಾಗ ಹುಟ್ಟುವ ಬಣ್ಣ. ನಾನು ಮನೆಯಲ್ಲಿ ಈ ಹಕ್ಕಿಗಳನ್ನು ಕೆಂಡನೆತ್ತಿ ಅಂತ ಕರೆಯುತ್ತೇನೆ. ಇವತ್ತೂ ಹಾಗೇ ಕರೆಯುತ್ತೇನೆ.

ಮೊದಲನೆಯದು ಹಸಿರು ಬೆನ್ನಿನ ಕೆಂಡನೆತ್ತಿ. ಇದು ಚಿಲಿ ದೇಶದ ಹಕ್ಕಿ, ಅರ್ಜೆಂಟೀನಾದ ಪಶ್ಚಿಮ ಭಾಗದಲ್ಲೂ ಇದೆ. ತೂಕ 5ರಿಂದ 6 ಗ್ರಾಂ, ಹೆಚ್ಚುಕಡಿಮೆ ನಮ್ಮ ಐದು ರೂಪಾಯಿ ನಾಣ್ಯದಷ್ಟು. ಗಂಡಿನ ನೆತ್ತಿ ಕೆಂಡ, ಹೆಣ್ಣಿಗೆ ಆ ಕೆಂಡ ಇಲ್ಲ. ಫ್ರಾನ್ಸಿನ ಲೆಸನ್ ಮತ್ತು ಗಾರ್ನೋ ಅನ್ನುವವರು 1827ರಲ್ಲಿ ಇದನ್ನು ಮೊದಲು ವಿವರಿಸಿದರು.

ಈ ಹಕ್ಕಿ ದಕ್ಷಿಣಕ್ಕೆ ಎಲ್ಲಿಯವರೆಗೆ ಹೋಗುತ್ತದೆ ಗೊತ್ತೇ? ಟಿಯೆರ್ರಾ ದೆಲ್ ಫ್ಯೂಗೋವರೆಗೆ. ಅಂದರೆ ದಕ್ಷಿಣ ಅಮೆರಿಕದ ತುತ್ತತುದಿ, ಅದರಾಚೆ ಸಮುದ್ರ, ಆಮೇಲೆ ಅಂಟಾರ್ಕ್ಟಿಕಾ. ಬೇರೆ ಯಾವ ಹಮ್ಮಿಂಗ್‌ಬರ್ಡೂ ಅಷ್ಟು ದಕ್ಷಿಣದಲ್ಲಿ ಗೂಡು ಕಟ್ಟುವುದಿಲ್ಲ. ಹಮ್ಮಿಂಗ್‌ಬರ್ಡ್ ಅಂದರೆ ಬಿಸಿಲು ನಾಡಿನ ಹಕ್ಕಿ ಅಂತ ನಮಗೆ ಅನಿಸುತ್ತದೆ, ಅಲ್ವಾ? ಇದು ಹಿಮ ಬೀಳುವ ಕಾಡಿನ ಹಕ್ಕಿ.

ಇಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಹಿಮ ಬಿದ್ದಾಗ ಹೂವು ಎಲ್ಲಿರುತ್ತೆ ಆಂಟಿ? ಏನು ತಿನ್ನುತ್ತೆ?"

ಇವತ್ತು ಬಂದ ಪ್ರಶ್ನೆಗಳಲ್ಲೇ ಇದು ಒಳ್ಳೆಯ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ತೀರಾ ದಕ್ಷಿಣದ ಹಕ್ಕಿಗಳು ಚಳಿಗಾಲಕ್ಕೆ ಉತ್ತರಕ್ಕೆ, ಚಿಲಿಯ ಮಧ್ಯಭಾಗದ ಕಡೆಗೆ ಹೋಗುತ್ತವೆ. ಆದರೆ ಎಲ್ಲವೂ ಹೋಗುವುದಿಲ್ಲ. ಉಳಿದವು ರಾತ್ರಿ ಹೊತ್ತು ಮೈಯ ಬಿಸಿ ಇಳಿಸಿಕೊಂಡು, ಎದೆಬಡಿತ ನಿಧಾನ ಮಾಡಿಕೊಂಡು, ಒಂದು ರೀತಿಯ ಮಂಪರಿಗೆ ಜಾರುತ್ತವೆ. ಒಲೆಯ ಬೆಂಕಿಯನ್ನು ಬೂದಿ ಮುಚ್ಚಿ ಬೆಳಗಿನವರೆಗೆ ಉಳಿಸುತ್ತಿದ್ದರಲ್ಲ ನಮ್ಮ ಅಜ್ಜಿಯರು, ಹಾಗೆ. ಬೆಳಕು ಹರಿದ ಮೇಲೆ ಮತ್ತೆ ಮೈ ಕಾಯಿಸಿಕೊಳ್ಳುತ್ತವೆ. ಸಣ್ಣ ಹುಳುಗಳನ್ನೂ ಹಿಡಿಯುತ್ತವೆ. ಆದರೂ ಹೂವಿನ ಸಿಹಿ ಬೇಕೇ ಬೇಕು. ಆ ಸಿಹಿ ಕೊಡುವುದು ಒಂದು ಬದನಿಕೆ.

ಹೌದು, ನಮ್ಮ ಮಾವಿನ ಮರದ ಮೇಲೆ ಬೆಳೆಯುವಂಥದೇ ಬದನಿಕೆ. ಅಲ್ಲಿನ ಬದನಿಕೆಯ ಹೆಸರು ಕಿಂಟ್ರಾಲ್. ಬೇರೆ ಮರದ ಕೊಂಬೆಯೊಳಗೆ ಬೇರು ಇಳಿಸಿ ಬದುಕುತ್ತದೆ. ಕೆಂಪು ಬಣ್ಣದ ನಳಿಗೆಯಂಥ ಹೂ ಬಿಡುತ್ತದೆ. ಕಾಡಿನ ಉಳಿದ ಗಿಡಗಳೆಲ್ಲ ಹೂ ನಿಲ್ಲಿಸಿದ ಮೇಲೆ, ಚಳಿಗಾಲದಲ್ಲೂ ಇದು ಹೂ ಬಿಡುತ್ತಲೇ ಇರುತ್ತದೆ. ನಮ್ಮ ರೈತರ ಹಾಗೆ ಅಲ್ಲಿಯವರೂ ಬದನಿಕೆ ಅಂದರೆ ಮರಕ್ಕೆ ಕೇಡು ಅಂದುಕೊಳ್ಳಬಹುದು. ಆದರೆ ಆ ಕೆಲವು ತಿಂಗಳು ಕೆಂಡನೆತ್ತಿಯನ್ನು ಬದುಕಿಸುವುದು ಅದೇ.

ಬದನಿಕೆಯ ಹೂವಿಗೆ ಪರಾಗ ಸಾಗಿಸುವುದು ಈ ಹಕ್ಕಿ. ಹಣ್ಣಾದ ಮೇಲೆ ಬೀಜ ಸಾಗಿಸುವವರು ಯಾರು? ನಮ್ಮಲ್ಲಿ ಆ ಕೆಲಸ ಮಾಡುವುದು ಬದನಿಕೆ ಹಕ್ಕಿ ಅಂತ ಹಿರಿಯರಿಗೆ ಗೊತ್ತು. ಪೆಟಗೋನಿಯಾದ ಕಾಡುಗಳಲ್ಲಿ ಆ ಕೆಲಸ ಮಾಡುವುದು ಒಂದು ಇಲಿಯಷ್ಟು ದೊಡ್ಡ ಪ್ರಾಣಿ. ಸ್ಪ್ಯಾನಿಷಿನಲ್ಲಿ ಅದಕ್ಕೆ ಮೊನೀತೊ ದೆಲ್ ಮೊಂತೆ, ಅಂದರೆ ಬೆಟ್ಟದ ಪುಟ್ಟ ಮಂಗ ಅನ್ನುತ್ತಾರೆ. ಅದು ಮಂಗವಲ್ಲ, ಕಾಂಗರೂ ಹಾಗೆ ಹೊಟ್ಟೆಚೀಲ ಇರುವ ಪ್ರಾಣಿ. ರಾತ್ರಿ ಓಡಾಡುತ್ತದೆ. ಬದನಿಕೆಯ ಹಣ್ಣು ತಿನ್ನುತ್ತದೆ. ಅದರ ಹೊಟ್ಟೆಯಿಂದ ಹಾದು ಬಂದ ಬೀಜ ಅಂಟಿನ ಜೊತೆ ಕೊಂಬೆಗೆ ಅಂಟಿಕೊಂಡು ಮೊಳೆಯುತ್ತದೆ. ಹಾದು ಬರದಿದ್ದರೆ ಅಲ್ಲಿ ಬೀಜ ಮೊಳೆಯುವುದಿಲ್ಲ.

ಈಗ ಸರಪಳಿ ನೋಡಿ. ರಾತ್ರಿಯ ಪ್ರಾಣಿ ಬದನಿಕೆಯನ್ನು ನೆಡುತ್ತದೆ. ಬದನಿಕೆ ಹಗಲಿನ ಹಕ್ಕಿಯನ್ನು ಚಳಿಗಾಲ ದಾಟಿಸುತ್ತದೆ. ವಸಂತ ಬಂದಾಗ ಅದೇ ಹಕ್ಕಿ ನೋತ್ರೊ ಅನ್ನುವ ಕೆಂಪು ಹೂವಿನ ಮರಕ್ಕೆ ಹೋಗುತ್ತದೆ. ಆಮೇಲೆ ಫ್ಯೂಷಿಯಾ. ಮಡಿಕೇರಿ, ಊಟಿ ಕಡೆ ಕುಂಡದಲ್ಲಿ ತೂಗುಹಾಕಿರುತ್ತಾರಲ್ಲ, ಆ ಫ್ಯೂಷಿಯಾಗಳ ಒಂದು ಮೂಲ ಗಿಡ ಅಲ್ಲಿನ ಹೊಳೆಬದಿಯಲ್ಲಿ ತಾನಾಗಿ ಬೆಳೆಯುತ್ತದೆ. ದಕ್ಷಿಣ ಚಿಲಿಯ ಕಾಡಿನಲ್ಲಿ ಮರ, ಪೊದೆ, ಬಳ್ಳಿಗಳಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಪರಾಗಕ್ಕೆ ಈ ಹಕ್ಕಿಯನ್ನು ನೆಚ್ಚಿವೆ. ಒಂದು ನಾಣ್ಯದಷ್ಟು ತೂಕದ ಜೀವ. ಇದನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸೇ ಬರಲಿಲ್ಲ.

ಇನ್ನು ಎರಡನೆಯ ಹಕ್ಕಿ. ನಾನು ಇವತ್ತು ಇಲ್ಲಿಗೆ ಬಂದಿದ್ದೇ ಇದರ ಸಲುವಾಗಿ.

ಚಿಲಿಯ ತೀರದಿಂದ ಪಶ್ಚಿಮಕ್ಕೆ ಸುಮಾರು 670 ಕಿಲೋಮೀಟರ್ ಹೋಗಿ. ಬೆಂಗಳೂರಿನಿಂದ ಬೀದರಿಗೆ ರಸ್ತೆಯಲ್ಲಿ ಹೋದಷ್ಟು ದೂರ, ದಾರಿಯುದ್ದಕ್ಕೂ ಬರೀ ನೀರು. ಅಲ್ಲಿ ಹ್ವಾನ್ ಫೆರ್ನಾಂಡಿಸ್ ದ್ವೀಪಗಳಿವೆ. ಆ ಹೆಸರಿನ ನಾವಿಕ 1574ರಲ್ಲಿ ಅವನ್ನು ಕಂಡ. ಎಲ್ಲಾ ಜ್ವಾಲಾಮುಖಿಯಿಂದ ಎದ್ದ ನೆಲ. ಜನವಸತಿ ಇರುವ ದೊಡ್ಡ ದ್ವೀಪ ಸುಮಾರು 48 ಚದರ ಕಿಲೋಮೀಟರ್. ಬೆಂಗಳೂರು ನಗರದ ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. 1704ರಲ್ಲಿ ಅಲೆಕ್ಸಾಂಡರ್ ಸೆಲ್ಕರ್ಕ್ ಅನ್ನುವ ನಾವಿಕನನ್ನು ಹಡಗಿನವರು ಅಲ್ಲಿ ಒಬ್ಬನನ್ನೇ ಬಿಟ್ಟುಹೋದರು. ನಾಲ್ಕು ವರ್ಷಕ್ಕೂ ಜಾಸ್ತಿ ಅವನು ಆಡಿನ ಮಾಂಸ ತಿಂದು ಬದುಕಿದ. ರಾಬಿನ್ಸನ್ ಕ್ರೂಸೋ ಕಥೆಗೆ ಅವನ ಬದುಕೂ ಒಂದು ಪ್ರೇರಣೆ ಅನ್ನುತ್ತಾರೆ. 1966ರಲ್ಲಿ ಚಿಲಿ ಸರ್ಕಾರ ಆ ದ್ವೀಪಕ್ಕೆ ರಾಬಿನ್ಸನ್ ಕ್ರೂಸೋ ಅಂತಲೇ ಹೆಸರಿಟ್ಟಿತು. ಸೆಲ್ಕರ್ಕ್ ತಿಂದ ಆಡುಗಳನ್ನು ನೆನಪಿಟ್ಟುಕೊಳ್ಳಿ. ಅವು ಅಲ್ಲಿ ತಾವಾಗಿ ಹುಟ್ಟಿದವಲ್ಲ, ಮನುಷ್ಯರು ತಂದು ಬಿಟ್ಟವು.

ಇಲ್ಲಿ ನಾನು ಪರದೆಯ ಮೇಲೆ ಎರಡು ಚಿತ್ರ ತೋರಿಸಿದೆ. ಒಂದರಲ್ಲಿ ಮೈಯೆಲ್ಲ ದಾಲ್ಚಿನ್ನಿ ಬಣ್ಣದ ಹಕ್ಕಿ, ಕಪ್ಪನೆ ರೆಕ್ಕೆ, ನೆತ್ತಿಯಲ್ಲಿ ಕೆಂಡ. ಇನ್ನೊಂದರಲ್ಲಿ ಬೆನ್ನು ನೀಲಿ ಹಸಿರು, ಎದೆ ಬಿಳಿ, ಎದೆಯ ಮೇಲೆ ಹಸಿರು ಚುಕ್ಕೆ, ನೆತ್ತಿ ನವಿಲಿನ ಕತ್ತಿನಂಥ ನೀಲಿ. "ಇದು ಎಷ್ಟು ಜಾತಿಯ ಹಕ್ಕಿ?" ಅಂತ ಕೇಳಿದೆ. ಸಭೆಯೆಲ್ಲ ಒಟ್ಟಿಗೆ "ಎರಡು" ಅಂದಿತು.

ಒಂದೇ. ಕೆಂಪಗಿರುವುದು ಗಂಡು, ನೀಲಿ ನೆತ್ತಿಯದು ಹೆಣ್ಣು. ತೂಕದಲ್ಲೂ ವ್ಯತ್ಯಾಸ: ಗಂಡು ಸುಮಾರು 11 ಗ್ರಾಂ, ಹೆಣ್ಣು ಸುಮಾರು 7. ನೀವು ತಪ್ಪು ಹೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. 19ನೇ ಶತಮಾನದ ತಜ್ಞರೂ ಇದೇ ಉತ್ತರ ಕೊಟ್ಟಿದ್ದರು. ಕೆಂಪು ಹಕ್ಕಿಗೆ ಫರ್ನಾಂಡೆನ್ಸಿಸ್ ಅಂತ ಹೆಸರಿಟ್ಟವರು ಫಿಲಿಪ್ ಪಾರ್ಕರ್ ಕಿಂಗ್, 1831ರಲ್ಲಿ. ಹೆಣ್ಣು ಬಹಳ ಕಾಲ ಸ್ಟೋಕ್ಸಿ ಅನ್ನುವ ಬೇರೆ ಹೆಸರಿನಲ್ಲಿ, ಬೇರೆ ಪ್ರಭೇದವಾಗಿ ಪುಸ್ತಕಗಳಲ್ಲಿ ಕೂತಿತ್ತು. ಗಂಡ ಹೆಂಡತಿಯನ್ನು ಬೇರೆ ಬೇರೆ ಕುಟುಂಬ ಅಂತ ಬರೆದುಕೊಂಡ ಹಾಗೆ. ಸಂಗ್ರಹಾಲಯದಲ್ಲಿ ಒಣಗಿದ ಚರ್ಮ ಇಟ್ಟುಕೊಂಡು ನೋಡಿದರೆ ಈ ತಪ್ಪು ಆಗಿಯೇ ಆಗುತ್ತದೆ. ಕಾಡಿನಲ್ಲಿ ಗೂಡಿನ ಹತ್ತಿರ ಕೂತು ನೋಡಿದರೆ ಮಾತ್ರ ಯಾರು ಯಾರ ಜೋಡಿ ಅಂತ ತಿಳಿಯುವುದು.

ಹಮ್ಮಿಂಗ್‌ಬರ್ಡುಗಳಲ್ಲಿ ಗಂಡಿಗೆ ಹೊಳಪು, ಹೆಣ್ಣಿಗೆ ಮಂಕು ಅನ್ನುವುದೇ ಸಾಮಾನ್ಯ. ಇಲ್ಲಿ ಹಾಗಲ್ಲ. ಇಬ್ಬರಿಗೂ ಹೊಳಪಿದೆ, ಇಬ್ಬರಿಗೂ ಬೇರೆ ಬೇರೆ ಬಣ್ಣ. ನನ್ನ ಮಟ್ಟಿಗೆ ಹೆಣ್ಣೇ ಹೆಚ್ಚು ಚಂದ. ಎಲ್ಲರೂ ಕೆಂಪು ಗಂಡಿನ ಚಿತ್ರವನ್ನೇ ಹಾಕುತ್ತಾರೆ, ನನಗದು ಬೇಸರ.

ಡಾರ್ವಿನ್ನರ ಜೊತೆ ಜೊತೆಗೇ ವಿಕಾಸದ ವಿಚಾರ ಕಂಡುಕೊಂಡ ಆಲ್‌ಫ್ರೆಡ್ ರಸೆಲ್ ವಾಲೇಸ್ ಕೂಡ 1878ರಲ್ಲಿ ಈ ಹಕ್ಕಿಗಳ ಬಗ್ಗೆ ಬರೆದಿದ್ದಾರೆ. ಅವರ ವಾದ ಸರಳ. ಎಂದೋ ಒಂದು ಕಾಲದಲ್ಲಿ ಚಿಲಿಯ ಕೆಂಡನೆತ್ತಿಯ ಪೂರ್ವಜರು ಸಮುದ್ರ ದಾಟಿ ದ್ವೀಪಕ್ಕೆ ಬಂದವು. ತಲೆಮಾರು ಕಳೆದಂತೆ ಬದಲಾಗಿ ಈ ರೂಪ ತಳೆದವು. ಎಷ್ಟೋ ಕಾಲದ ಮೇಲೆ ಅದೇ ನೆಲದ ಹಕ್ಕಿ ಮತ್ತೆ ಬಂತು, ಈ ಸಲ ಬದಲಾಗುವಷ್ಟು ಕಾಲ ಇನ್ನೂ ಆಗಿಲ್ಲ. ಹೀಗಾಗಿ ಇವತ್ತು ಆ ದ್ವೀಪದಲ್ಲಿ ಎರಡೂ ಇವೆ. ಹಿಂದೆ ಮನೆ ಬಿಟ್ಟು ಬಂದ ಅಣ್ಣನ ಮಕ್ಕಳೂ, ಮೊನ್ನೆ ಬಂದ ತಮ್ಮನ ಮಕ್ಕಳೂ ಒಂದೇ ಕೇರಿಯಲ್ಲಿ. ಒಂದೇ ಹೂವಿಗೆ ಇಬ್ಬರೂ ಬರುತ್ತಾರೆ.

ದ್ವೀಪದ ಕೆಂಡನೆತ್ತಿ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಆ 48 ಚದರ ಕಿಲೋಮೀಟರಿನಲ್ಲಿ ಮಾತ್ರ, ಅದರಲ್ಲೂ ಎಲ್ಲಾ ಕಡೆ ಅಲ್ಲ. ಅಳಿವಿನ ಅಂಚಿನ ಪಟ್ಟಿಯಲ್ಲಿ ಅತ್ಯಂತ ಅಪಾಯದ ಸ್ಥಾನದಲ್ಲಿದೆ. ಹಿಂದೆ ಇನ್ನೊಂದು ದ್ವೀಪದಲ್ಲೂ ಇದರ ಒಂದು ಉಪಪ್ರಭೇದ ಇತ್ತು. ಇನ್ನೂ ಪಶ್ಚಿಮಕ್ಕೆ, ಈಗ ಸೆಲ್ಕರ್ಕನ ಹೆಸರಿರುವ ದ್ವೀಪದಲ್ಲಿ. 1908ರ ನಂತರ ಅದನ್ನು ಯಾರೂ ಕಂಡಿಲ್ಲ.

ಏಕೆ ಹೀಗಾಯಿತು ಅನ್ನುವುದಕ್ಕೆ ಒಂದೇ ಕಾರಣ ಹೇಳಲು ಬರುವುದಿಲ್ಲ. ಆಡುಗಳು ಬಂದವು, ಮೊಲಗಳು ಬಂದವು. ಚಿಗುರು ಮೇಯ್ದವು, ಮಣ್ಣು ಜಾರಿತು. ಇಲಿ, ಬೆಕ್ಕು, ಕೊವಾಟಿ ಅನ್ನುವ ಉದ್ದ ಮೂತಿಯ ಪ್ರಾಣಿ ಬಂದವು. ನೆಲದ ಮೇಲೆ ಬೇಟೆಯಾಡುವ ಪ್ರಾಣಿಯೇ ಇಲ್ಲದ ಕಡೆ ಬೆಳೆದ ಹಕ್ಕಿಗೆ ಬೆಕ್ಕಿನ ಭಯ ಎಲ್ಲಿಂದ ಬರಬೇಕು? ಮರ ಕಡಿದರು. ಇದೆಲ್ಲ ಬೇರೆ ದ್ವೀಪಗಳ ಕಥೆಯೂ ಹೌದು.

ಈ ದ್ವೀಪದ ದೊಡ್ಡ ತಲೆನೋವು ಗಿಡಗಳು. ಬ್ಲ್ಯಾಕ್‌ಬೆರಿ ಮುಳ್ಳಿನ ಪೊದೆ ಬಂತು. ಚಿಲಿಯ ನೆಲದಿಂದ ಮಾಕಿ ಅನ್ನುವ ಸಣ್ಣ ಮರ ಬಂತು. ಮಾಕಿ ಚಿಲಿಯ ಕಾಡಿನಲ್ಲಿ ತನ್ನ ಪಾಡಿಗೆ ಬೆಳೆಯುವ, ಜನ ಹಣ್ಣು ಕಿತ್ತು ತಿನ್ನುವ ಗಿಡ. ಅಲ್ಲಿ ಅದರಿಂದ ಯಾರಿಗೂ ತೊಂದರೆ ಇಲ್ಲ. ದ್ವೀಪಕ್ಕೆ ಬಂದಮೇಲೆ ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಡೆ ಹರಡಿದವು. ದ್ವೀಪದ ಕಾಡಿನಲ್ಲಿ ಹಳೇ ಮರ ಬಿದ್ದು ಬೆಳಕು ಬಿದ್ದ ಜಾಗದಲ್ಲೆಲ್ಲ ಮೊದಲು ಎದ್ದು ನಿಲ್ಲುವುದು ಈಗ ಅವೇ. ಹಳೇ ಮರದ ಸಸಿಗೆ ಎದ್ದು ನಿಲ್ಲಲು ಜಾಗವೇ ಸಿಗುವುದಿಲ್ಲ.

ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಡೆ ಹೋಗಿ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಂಟಾನ ಮುಚ್ಚಿದ ಕಾಡು ನೋಡಿದ್ದೀರಿ. ಅದೂ ಅಮೆರಿಕದಿಂದ ಬಂದದ್ದೇ, ಚಂದದ ಹೂವು ಅಂತ ತೋಟಕ್ಕೆ ತಂದದ್ದೇ. ಅದರ ತವರಿನಲ್ಲಿ ಹಮ್ಮಿಂಗ್‌ಬರ್ಡುಗಳೂ ಅದರ ಹೂವಿಗೆ ಬರುತ್ತವೆ. ಗಿಡ ಕೆಟ್ಟದ್ದಲ್ಲ. ಜಾಗ ತಪ್ಪಿದೆ ಅಷ್ಟೇ.

ಹಿಂದಿನ ಸಾಲಿನಿಂದ ಒಬ್ಬರು ಹಿರಿಯರು ಕೇಳಿದರು. "ಹೂವು ಯಾವುದಾದರೇನಮ್ಮ? ಹಕ್ಕಿಗೆ ಮಕರಂದ ಸಿಕ್ಕರೆ ಸಾಕಲ್ಲವೇ?"

ಅರ್ಧ ನಿಜ ಸರ್. ದ್ವೀಪದ ಕೆಂಡನೆತ್ತಿ ಹೊರಗಿಂದ ತಂದ ನೀಲಗಿರಿ ಮರದ ಹೂವಿಗೂ ಬರುತ್ತದೆ. ಊರಿನ ತೋಟಗಳಿಗೂ ಬರುತ್ತದೆ. ಕೆಲವು ತಿಂಗಳು ಊರಿನಲ್ಲೇ ಜಾಸ್ತಿ ಕಾಣಿಸುತ್ತದೆ. ಅದನ್ನು ನೋಡಿದವರಿಗೆ ಹಕ್ಕಿ ಚೆನ್ನಾಗಿಯೇ ಇದೆಯಲ್ಲ ಅನಿಸುತ್ತದೆ. ಆದರೆ ಅದು ಗೂಡು ಕಟ್ಟುವುದು ಬೆಟ್ಟದ ಹಳೇ ಕಾಡಿನಲ್ಲಿ, ಹೆಚ್ಚಾಗಿ ಲೂಮಾ ಅನ್ನುವ ಅಲ್ಲಿನದೇ ಮರದ ಮೇಲೆ. ಮೊಟ್ಟೆ ಎರಡು. ಊಟ ಹೋಟೆಲಿನಲ್ಲೂ ಸಿಗುತ್ತದೆ. ಬಾಣಂತನಕ್ಕೆ ಮನೆಯೇ ಬೇಕು. ಕಾಡು ಹೋದರೆ ತೋಟದಲ್ಲಿ ಎಷ್ಟು ಹೂವಿದ್ದರೂ ಮರಿಯಾಗುವುದಿಲ್ಲ.

ಅಲ್ಲಿನದೇ ಹೂಗಳಲ್ಲಿ ಒಂದರ ಬಗ್ಗೆ ಹೇಳಲೇಬೇಕು. ಎಲೆಗಳು ಕೋಸಿನ ಎಲೆಯ ಹಾಗೆ ಅಗಲ, ಅದಕ್ಕೆ ಜನ ಕೋಸಿನ ಮರ ಅನ್ನುತ್ತಾರೆ. ಅದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಕಿತ್ತಳೆ ಬಣ್ಣದ ಹೂವಿನ ಗೊಂಚಲು ಜೋತುಬೀಳುತ್ತದೆ. ಆಡುಗಳಿಗೆ ಈ ಎಲೆ ಬಹಳ ಇಷ್ಟ. ಕಾಡಿನಲ್ಲಿ ಬೆರಳೆಣಿಕೆಯಷ್ಟು ಗಿಡ ಮಾತ್ರ ಉಳಿದ ಕಾಲವೂ ಬಂತು. ಅದನ್ನು ಉಳಿಸಿದ್ದು ಮನೆಯ ಅಂಗಳಗಳು. ದ್ವೀಪದ ಒಂದೇ ಊರು ಸಾನ್ ಹ್ವಾನ್ ಬೌತಿಸ್ತಾ. ಜನಸಂಖ್ಯೆ ಸಾವಿರದ ಆಸುಪಾಸು. ಸಮುದ್ರದ ಲಾಬ್‌ಸ್ಟರ್ ಹಿಡಿದು ಬದುಕುವವರು. ಅವರು ಬೇಲಿಯ ಪಕ್ಕ, ಬಾಗಿಲ ಮುಂದೆ ಈ ಮರ ನೆಟ್ಟರು. ಹೂ ಬಿಟ್ಟಾಗ ಕೆಂಪು ಗಂಡು ಆ ಮರವನ್ನು ತನ್ನದು ಅಂತ ಕಾಯುತ್ತದೆ. ಬೇರೆ ಹಕ್ಕಿ ಬಂದರೆ ಅಟ್ಟುತ್ತದೆ.

2010ರ ಫೆಬ್ರವರಿ 27ರಂದು ಚಿಲಿಯಲ್ಲಿ 8.8 ತೀವ್ರತೆಯ ಭೂಕಂಪವಾಯಿತು. ಸುನಾಮಿ ಈ ದ್ವೀಪಕ್ಕೂ ಬಂತು, ಇನ್ನೂ ಕತ್ತಲಿರುವಾಗಲೇ. ಊರಿನ ತಗ್ಗಿನ ಭಾಗವನ್ನು ನೀರು ಎಳೆದುಕೊಂಡು ಹೋಯಿತು. ಜನ ಸತ್ತರು. ಮನೆಗಳು, ಶಾಲೆ, ಅಂಗಳಗಳು ಹೋದವು, ಅಂಗಳದ ಮರಗಳೂ ಹೋದವು. ಮನೆಯವರನ್ನು ಕಳೆದುಕೊಂಡ ಊರಿನಲ್ಲಿ ಹಕ್ಕಿಯ ಮಾತು ಎತ್ತುವುದು ಹೇಗೆ ಅಂತ ನನಗೂ ಅನಿಸಿತ್ತು. ಆದರೆ ಊರಿನವರು ಮತ್ತೆ ಮನೆ ಕಟ್ಟಿಕೊಂಡರು. ಗಿಡಗಳನ್ನೂ ಮತ್ತೆ ನೆಟ್ಟರು.

ಈಗ ನಡೆಯುತ್ತಿರುವ ಕೆಲಸ ದೊಡ್ಡ ಸದ್ದಿನದಲ್ಲ. ಆ ನೆಲ 1935ರಿಂದಲೇ ರಾಷ್ಟ್ರೀಯ ಉದ್ಯಾನ. ಓಯಿಕೋನೋಸ್ ಅನ್ನುವ ಸಂಸ್ಥೆ ಊರಿನವರ ಜೊತೆ ಸೇರಿ ವರ್ಷಗಳಿಂದ ಕೆಲಸ ಮಾಡುತ್ತಿದೆ. ಸಾಕಿದ ಬೆಕ್ಕುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುವುದು, ಅಂಗಳಗಳಲ್ಲಿ ದ್ವೀಪದ್ದೇ ಗಿಡ ನೆಡುವುದು, ಗೂಡುಗಳನ್ನು ಹುಡುಕಿ ಕಾಯುವುದು. ನಮ್ಮ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನ ಕಡಿದು ಕುರ್ಚಿ, ಮೇಜು ಮಾಡುತ್ತಾರೆ, ನೋಡಿರಬಹುದು. ಅಲ್ಲಿ ಬ್ಲ್ಯಾಕ್‌ಬೆರಿ ಮುಳ್ಳಿನಿಂದ ಏನೂ ಮಾಡಲು ಬರುವುದಿಲ್ಲ. ಸುಮ್ನೆ ಕಡಿಯಬೇಕು, ಚಿಗುರಿದರೆ ಮತ್ತೆ ಕಡಿಯಬೇಕು.

ಎರಡೇ ಮಕ್ಕಳಿರುವ ಮನೆ ಇದು, ಅದಕ್ಕೇ ನಾನು ಈ ಕುಲವನ್ನು ಆರಿಸಿಕೊಂಡೆ. ಒಂದು ಹಕ್ಕಿ ಇಡೀ ಕಾಡನ್ನು ನಡೆಸುತ್ತಿದೆ, ಲಕ್ಷಗಟ್ಟಲೆ ಹೂಗಳಿಗೆ ಹೋಗಿ ಬರುತ್ತಿದೆ. ಇನ್ನೊಂದಕ್ಕೆ ಉಳಿದಿರುವುದು ಒಂದು ದ್ವೀಪದ ಕೆಲವು ಕಣಿವೆ.

ಆ ಕಣಿವೆಗಳಲ್ಲಿ ಕೆಲಸ ಮಾಡುವವರು ಗೂಡು ಕಂಡ ಲೂಮಾ ಮರವನ್ನು ಗುರುತಿಟ್ಟುಕೊಳ್ಳುತ್ತಾರೆ. ಗೂಡು ಅಂದರೆ ಅಂಗೈಯ ಗುಳಿಯಷ್ಟು, ಅದರಲ್ಲಿ ಎರಡು ಬಿಳಿ ಮೊಟ್ಟೆ, ಮೇಲೆ ನೀಲಿ ನೆತ್ತಿಯ ಹೆಣ್ಣು. ಮರದ ಸುತ್ತಲ ಮುಳ್ಳನ್ನು ಕೈಯಿಂದಲೇ ಕಡಿದು ತೆಗೆಯುತ್ತಾರೆ. ಮುಂದಿನ ವರ್ಷ ಅದೇ ಮರಕ್ಕೆ ವಾಪಸ್ ಬರುತ್ತಾರೆ.